ಮನೆಯ ಅಕ್ವೇರಿಯಂನಲ್ಲಿ ಕಲ್ಲು ಹಾಗೂ ಅಲಂಕಾರ ಸಾಮಗ್ರಿಗಳ ಸುರಕ್ಷಿತ ಜೋಡಣೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಮಹಾನಗರದ ಗೋಪನಕೊಪ್ಪ ಹಾಗೂ ಸುತ್ತಲಿನ ಬಡಾವಣೆಗಳಲ್ಲಿ ಅಲಂಕಾರಿಕ ಮೀನುಗಳನ್ನು ಸಾಕುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೊಸ ತೊಟ್ಟಿಯನ್ನು ತಂದ ಕೂಡಲೇ, ಮನೆ ಕಟ್ಟಿ ಉಳಿದ ಕಲ್ಲಿನ ತುಂಡುಗಳನ್ನು ಅದರೊಳಗೆ ಜೋಡಿಸುವುದುಂಟು. ಹೀಗೆ ವೆಚ್ಚವಿಲ್ಲದೆ ದೊರೆಯುವ ಕಲ್ಲೇ ಮೀನುಗಳ ಸಾವಿಗೆ ಅಥವಾ ಗಾಜಿನ ಒಡಕಿಗೆ ಕಾರಣವಾಗಬಹುದು. ಆದುದರಿಂದ ಕಲ್ಲಿನ ಗುಣ, ಭಾರ ಮತ್ತು ಆಧಾರ ಈ ಮೂರನ್ನೂ ನೀರು ತುಂಬುವ ಮೊದಲೇ ಪರಿಶೀಲಿಸತಕ್ಕದ್ದು.

1. ಕಲ್ಲಿನ ಆಯ್ಕೆ

ನಮ್ಮ ಭಾಗದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯು ಸುಣ್ಣಕಲ್ಲಾಗಿರುತ್ತದೆ. ಕಡಪಾ ಕಲ್ಲು, ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ಹಾಗೂ ಎರೆಮಣ್ಣಿನ ಹೊಲಗಳಲ್ಲಿ ದೊರೆಯುವ ಸುಣ್ಣದ ಗುಂಡುಗಳಲ್ಲಿಯೂ ಸುಣ್ಣದ ಅಂಶವಿರುತ್ತದೆ. ತೊಟ್ಟಿಯ ನೀರಿನಲ್ಲಿ ಉಂಟಾಗುವ ಆಮ್ಲೀಯ ಅಂಶಗಳು ಈ ಸುಣ್ಣವನ್ನು ನಿಧಾನವಾಗಿ ಕರಗಿಸುತ್ತವೆ. ಇದರಿಂದ ನೀರಿನ ಗಡಸುತನ ಹಾಗೂ ರಸಸಾರ ಏರುತ್ತವೆ. ರಸಸಾರ ಏರಿದಂತೆ ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಗಪ್ಪಿ ಮತ್ತು ಮೋಲಿ ಮೀನುಗಳು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ಟೆಟ್ರಾ ಹಾಗೂ ಡಿಸ್ಕಸ್ ಮೀನುಗಳಿಗೆ ಮೃದು ನೀರು ಅಗತ್ಯ.

ಪರೀಕ್ಷಾ ವಿಧಾನ: ತೊಳೆದು ಒಣಗಿಸಿದ ಕಲ್ಲಿನ ಮೇಲ್ಮೈಯನ್ನು ಸ್ವಲ್ಪ ಕೆರೆದು, ಆ ಸ್ಥಳದಲ್ಲಿ ಕೆಲವು ಹನಿ ವಿನೆಗರ್ ಹಾಕುವುದು. ನೊರೆ ಅಥವಾ ಗುಳ್ಳೆಗಳು ಎದ್ದಲ್ಲಿ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಬೇಕು. ಈ ಪರೀಕ್ಷೆಗೆ ಶೌಚಾಲಯ ಸ್ವಚ್ಛಗೊಳಿಸುವ ಆಸಿಡ್ ಬಳಸಕೂಡದು.

ಇಳಕಲ್ಲಿನ ಕೆಂಪು ಗ್ರಾನೈಟ್ ಸೇರಿದಂತೆ ಗ್ರಾನೈಟ್ ಕಲ್ಲುಗಳು ಹಾಗೂ ಬೆಣಚುಕಲ್ಲು ಸಾಮಾನ್ಯವಾಗಿ ಸೂಕ್ತವಾಗಿವೆ. ಆದರೆ ಕತ್ತರಿಸಿದ ತುಂಡುಗಳ ಚೂಪಾದ ಅಂಚುಗಳನ್ನು ಉಜ್ಜಿ ನಯಗೊಳಿಸಬೇಕು. ಲೋಹದಂತೆ ಹೊಳೆಯುವ ಎಳೆಗಳಿರುವ, ತುಕ್ಕು ಬಿಡುವ ಅಥವಾ ಕೈಯಲ್ಲಿ ಪುಡಿಯಾಗುವ ಕಲ್ಲುಗಳನ್ನು ಬಿಡತಕ್ಕದ್ದು.

2. ಸ್ವಚ್ಛತೆ

ಕಲ್ಲುಗಳನ್ನು ಸಾಬೂನು ಬಳಸದೆ, ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಕುದಿಸಕೂಡದು, ಒಳಗೆ ಸಿಲುಕಿದ ತೇವಾಂಶವು ಆವಿಯಾಗಿ ಕಲ್ಲು ಸಿಡಿಯುವ ಅಪಾಯವಿರುತ್ತದೆ.

3. ಭಾರದ ಲೆಕ್ಕ

2 ಅಡಿ ಉದ್ದ, 1 ಅಡಿ ಅಗಲ ಹಾಗೂ 1 ಅಡಿ ಎತ್ತರದ ತೊಟ್ಟಿಯು ಸುಮಾರು 54 ಲೀಟರ್ ನೀರನ್ನು ಹಿಡಿಯುತ್ತದೆ. ಅದರ ತೂಕವೇ 54 ಕಿಲೋ. ಇದಕ್ಕೆ 12 ಕಿಲೋ ಮರಳು ಮತ್ತು 12 ಕಿಲೋ ಕಲ್ಲು ಸೇರಿಸಿ, ಅವು ಹೊರಹಾಕುವ ನೀರನ್ನು ಕಳೆದು, ಗಾಜಿನ ತೂಕವನ್ನು ಕೂಡಿಸಿದಲ್ಲಿ ಒಟ್ಟು ಸುಮಾರು 80 ಕಿಲೋ ಆಗುತ್ತದೆ. ಟಿ.ವಿ. ಇಡುವ ಹಗುರ ಮೇಜು ಈ ಭಾರಕ್ಕೆ ತಕ್ಕುದಲ್ಲ. ಸಮತಟ್ಟಾದ, ಗಟ್ಟಿಯಾದ ಪೀಠದ ಮೇಲೆ ತೊಟ್ಟಿಯನ್ನು ಇರಿಸಬೇಕು.

4. ಜೋಡಣೆಯ ಕ್ರಮ

ಅ) ತೊಟ್ಟಿ ಖಾಲಿಯಿರುವಾಗಲೇ ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ದೊಡ್ಡ ಕಲ್ಲುಗಳನ್ನು ಅಗಲವಾದ ಬದಿ ಕೆಳಗೆ ಬರುವಂತೆ ಇಡುವುದು. ಇದರಿಂದ ಭಾರವು ಒಂದೇ ಬಿಂದುವಿನ ಮೇಲೆ ಬೀಳುವುದಿಲ್ಲ.

ಆ) ಮರಳನ್ನು ಆನಂತರವೇ ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟಲ್ಲಿ, ಮೀನುಗಳು ಬುಡದ ಮರಳನ್ನು ತೋಡಿದಾಗ ಕಲ್ಲು ಉರುಳಿ ಗಾಜಿಗೆ ಬಡಿಯುವುದು.

ಇ) ಕಲ್ಲು ಹಾಗೂ ಗಾಜಿನ ನಡುವೆ ಕನಿಷ್ಠ 5 ಸೆಂ.ಮೀ. ಅಂತರವಿರಲಿ. ಶುಚಿಗೊಳಿಸಲು ಸಹ ಇದು ಅನುಕೂಲ.

ಈ) ಒಂದರ ಮೇಲೊಂದು ಕಲ್ಲು ಇಡುವುದಾದಲ್ಲಿ, ಅಕ್ವೇರಿಯಂಗೆಂದೇ ತಯಾರಿಸಿದ ಸಿಲಿಕೋನ್ ಅಂಟಿನಿಂದ ಬಿಗಿಗೊಳಿಸಿ, ಪೂರ್ತಿ ಒಣಗಿದ ಬಳಿಕವೇ ನೀರು ತುಂಬಬೇಕು. ಬಾತ್‌ರೂಮಿಗೆ ಬಳಸುವ ಶಿಲೀಂಧ್ರನಾಶಕ ಬೆರೆತ ಅಂಟು ಮೀನುಗಳಿಗೆ ಹಾನಿಕರ.

ಉ) ಬೆರಳಿನಿಂದ ತಳ್ಳಿ ನೋಡಿ, ಅಲುಗಾಡುವ ಕಲ್ಲನ್ನು ಮರುಜೋಡಿಸಬೇಕು.

5. ಅಲಂಕಾರ ಸಾಮಗ್ರಿಗಳು

ಹಿತ್ತಾಳೆ, ತಾಮ್ರದ ಮೂರ್ತಿಗಳನ್ನಾಗಲಿ, ಬಣ್ಣ ಬಿಡುವ ಗೊಂಬೆಗಳನ್ನಾಗಲಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ವಸ್ತುಗಳನ್ನಾಗಲಿ ಹಾಕಕೂಡದು. ನೀರಿಗೆ ಇಳಿಯುವ ತಾಮ್ರವು ಮೀನುಗಳಿಗೆ ವಿಷವಾಗಿ ಪರಿಣಮಿಸುತ್ತದೆ. ಬಣ್ಣ ಹಚ್ಚದ, ಕುಂಬಾರರು ಸುಟ್ಟ ಸಣ್ಣ ಮಡಕೆಯು ಮೀನುಗಳಿಗೆ ಉತ್ತಮ ಆಸರೆ. ಅದರ ಬಾಯಿಯು ಮೀನು ಸರಾಗವಾಗಿ ಹೊಕ್ಕು ಹೊರಬರುವಷ್ಟು ಅಗಲವಿರಬೇಕು. ಸಮುದ್ರದ ಹವಳಗಳು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಡಿ ಸಂರಕ್ಷಿತವಾಗಿದ್ದು, ಅವುಗಳನ್ನು ಅಲಂಕಾರಕ್ಕಾಗಿ ಕೊಳ್ಳಕೂಡದು.

6. ವಿದ್ಯುತ್ ಸುರಕ್ಷತೆ

ಕಲ್ಲು ಸರಿಸಲು ನೀರಿನಲ್ಲಿ ಕೈಯಿಡುವ ಮುನ್ನ ಪಂಪು, ಹೀಟರ್ ಹಾಗೂ ದೀಪದ ಪ್ಲಗ್ಗುಗಳನ್ನು ಕಡ್ಡಾಯವಾಗಿ ತೆಗೆಯತಕ್ಕದ್ದು. ಹೀಟರಿಗೆ ಕಲ್ಲು ತಾಗಿರಬಾರದು. ತಂತಿಯು ಪ್ಲಗ್ಗಿಗಿಂತ ಕೆಳಗೆ ಇಳಿದು ಬಾಗಿರಲಿ. ಆಗ ತಂತಿಯ ಗುಂಟ ಜಾರುವ ನೀರು ಪ್ಲಗ್ಗನ್ನು ತಲುಪುವುದಿಲ್ಲ.

7. ಗಾಜು ಬಿರಿದಲ್ಲಿ

ಕೋಣೆಯ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಆರಿಸಿ, ಅದೇ ತೊಟ್ಟಿಯ ನೀರನ್ನು ಬಕೆಟಿಗೆ ತುಂಬಿಕೊಂಡು ಮೀನುಗಳನ್ನು ಅದಕ್ಕೆ ವರ್ಗಾಯಿಸಬೇಕು. ನಳದ ನೀರು ಪ್ರತಿದಿನ ಬಾರದ ಮನೆಗಳಲ್ಲಿ ಎರಡು ಬಕೆಟ್ ನೀರನ್ನು ಸದಾ ಶೇಖರಿಸಿಡುವುದು ಹಿತ. ಕ್ಲೋರಿನ್ ಬೆರೆತ ನೀರನ್ನು 24 ಗಂಟೆ ತೆರೆದಿಟ್ಟು ಬಳಸಬೇಕು. ಬಿರಿದ ತಳಕ್ಕೆ ಅಂಟು ಹಚ್ಚಿ ಪುನಃ ಅದನ್ನೇ ನಂಬುವುದು ಸುರಕ್ಷಿತವಲ್ಲ.

ಹೆಚ್ಚಿನ ಮಾಹಿತಿ ಹಾಗೂ ಅಲಂಕಾರಿಕ ಮೀನು ಸಾಕಾಣಿಕೆಗೆ ಸಂಬಂಧಿಸಿದ ಸೇವೆಗಳಿಗಾಗಿ ಆಸಕ್ತರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.