ಡಿಪ್ಲೊಮಾ ಆದಮೇಲೂ ಓದಬಹುದು

ಒಡ್ಡನ್‌ಛತ್ರಂ ಮಾರ್ಕೆಟ್‌ಗೆ ತರಕಾರಿ ಹಾಕಿ ಮಕ್ಕಳನ್ನು ಓದಿಸುವ ತಂದೆ ತಾಯಂದಿರೇ, ಮಗಳು ಪಾಲಿಟೆಕ್ನಿಕ್ ಮುಗಿಸಿದಳಾ? "ಇಷ್ಟು ಓದಿದ್ದು ಸಾಕು" ಅನ್ನಬೇಡಿ.

ಇಂಜಿನಿಯರಿಂಗ್ ಓದು 4 ವರ್ಷ. ಡಿಪ್ಲೊಮಾ ಪಾಸಾದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. 3 ವರ್ಷ ಓದಿ ಪಾಸಾದರೆ ಬಿ.ಇ. ಪದವಿ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. ಹತ್ತನೇ ಕ್ಲಾಸಿನ ನಂತರ ಡಿಪ್ಲೊಮಾ 3 ವರ್ಷ, ಬಿ.ಇ. 3 ವರ್ಷ. ಒಟ್ಟು 6. ಪ್ಲಸ್ ಟೂ ದಾರಿಯಲ್ಲಿ 2 ವರ್ಷ, ಆಮೇಲೆ 4 ವರ್ಷ. ಅದೂ 6. ಒಂದು ವರ್ಷವೂ ನಷ್ಟವಿಲ್ಲ.

ತಮಿಳುನಾಡಿನಲ್ಲಿ ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಡಿಪ್ಲೊಮಾ ಅಂಕ ನೋಡಿ ಕೌನ್ಸೆಲಿಂಗ್‌ನಲ್ಲಿ ಸೀಟು ಕೊಡ್ತಾರೆ.

ನೆನಪಿಡಿ: ಅರ್ಜಿ ಹಾಕುವ ದಿನ ತಪ್ಪಿದರೆ ಒಂದು ವರ್ಷ ಹೋಯಿತು. ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ ಜೋಪಾನವಾಗಿಡಿ. ಕಡೇ ಪರೀಕ್ಷೆಗೆ ಮೊದಲೇ ಪಾಲಿಟೆಕ್ನಿಕ್ ಆಫೀಸಿನಲ್ಲಿ ವಿಚಾರಿಸಿ.