ಪಿಡಿಎಫ್‌ನೊಳಗೊಂದು ಪ್ರದಕ್ಷಿಣೆ

ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ಅದರ ತೆರೆದ ಮಂಟಪ ನಕ್ಷತ್ರಾಕಾರದ್ದು. ಎದುರಿನಿಂದ ತೆಗೆದ ಫೋಟೊದಲ್ಲಿ ಮೂಲೆಗಳೆಲ್ಲ ಒಂದೇ ಗೋಡೆಗೆ ಅಂಟಿಕೊಂಡ ಹಾಗೆ ಕಾಣುತ್ತವೆ; ಯಾವುದು ಮುಂದೆ ಚಾಚಿದೆ, ಯಾವುದು ಒಳಗೆ ಸರಿದಿದೆ ಎಂಬುದು ಸುತ್ತ ನಡೆದರಷ್ಟೇ ಗೊತ್ತಾಗುತ್ತದೆ. ಇದೇ ಹೊಯ್ಸಳ ಶೈಲಿಯ ಬೇಲೂರು, ಹಳೇಬೀಡುಗಳ ಗುಡಿಗಳು ಸೋಮನಾಥಪುರದ ಗುಡಿಯೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಈ ಗುಡಿಗಳ ಕುರಿತು ಶಾಲೆಗೋ ಪ್ರವಾಸಿಗರಿಗೋ ಹಂಚಲು ಪಿಡಿಎಫ್ ಕೈಪಿಡಿ ಮಾಡುವಾಗ ವಿಡಿಯೊವನ್ನು ಒಳಗೇ ಸೇರಿಸಬೇಕೆ ಎಂಬ ಪ್ರಶ್ನೆ ಏಳುತ್ತದೆ. ನಡೆದು ನೋಡಿದರೆ ಮಾತ್ರ ತಿಳಿಯುವಂಥದ್ದಿದ್ದರೆ ಸೇರಿಸಬೇಕು, ಉಳಿದೆಡೆ ಬೇಡ ಎಂಬುದು ನನ್ನ ವಾದ.

ಪಿಡಿಎಫ್ ಹುಟ್ಟಿದ್ದು 1993ರಲ್ಲಿ, ಕಾಗದದ ಪುಟ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಕಾಣಲೆಂದು. ವಿಡಿಯೊವನ್ನು ಫೈಲಿನೊಳಗೇ ತುಂಬಿಡುವ ಏರ್ಪಾಡು 2003ರ 1.5ನೇ ಆವೃತ್ತಿಯಲ್ಲಿ ಬಂತು. ಪುಟದ ಮೇಲೆ ಒಂದು ಚೌಕ, ಚೌಕದಲ್ಲಿ ಒಂದು ಸ್ತಬ್ಧಚಿತ್ರ. ಮುಟ್ಟಿದರೆ ಫೈಲಿನಲ್ಲಿರುವ ವಿಡಿಯೊ ಓಡಬೇಕು. ಆದರೆ ಓಡಿಸುವ ಯಂತ್ರ ಪಿಡಿಎಫ್‌ನಲ್ಲಿಲ್ಲ. ಆ ಕೆಲಸ ಅದನ್ನು ತೆರೆಯುವ ಆ್ಯಪ್‌ನದು. ಮೊಬೈಲಿನ ಅನೇಕ ಆ್ಯಪ್‌ಗಳಿಗೆ ಅದು ಬರುವುದಿಲ್ಲ. ಒಂದು ಕಾಲಕ್ಕೆ ಫ್ಲ್ಯಾಶ್ ನಂಬಿ ಸೇರಿಸಿದ ವಿಡಿಯೊಗಳು, 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಫೈಲಿನಲ್ಲಿದ್ದೂ ಇಲ್ಲದಂತಾದವು.

ತೂಕದ ಲೆಕ್ಕವೂ ಇದೆ. 1280×720 ಚುಕ್ಕಿಗಳ ಒಂದು ಚಿತ್ರಕ್ಕೆ ಸುಮಾರು 27.6 ಲಕ್ಷ ಬೈಟ್ ಬೇಕು; ಸೆಕೆಂಡಿಗೆ 25 ಚಿತ್ರವೆಂದರೆ 69 ಎಂಬಿ. ಎಚ್.264 ಎಂಬ ಸಂಕೋಚನ ವಿಧಾನ ಇದನ್ನು ಸೆಕೆಂಡಿಗೆ ಕಾಲು ಎಂಬಿಗೆ ಇಳಿಸಬಲ್ಲದು. ಅದು ಚಿತ್ರವನ್ನು 16×16 ಚುಕ್ಕಿಗಳ ತುಂಡುಗಳಾಗಿ ಒಡೆದು, ಹಿಂದಿನ ಚಿತ್ರದ ಯಾವ ತುಂಡು ಎಲ್ಲಿಗೆ ಸರಿಯಿತು ಎಂಬುದನ್ನೂ ಉಳಿದ ವ್ಯತ್ಯಾಸವನ್ನೂ ಮಾತ್ರ ಬರೆದಿಡುತ್ತದೆ. ಕ್ಯಾಮೆರಾ ಮಂಟಪದ ಸುತ್ತ ನಿಧಾನವಾಗಿ ಸಾಗಿದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಅದು ಏದುಸಿರು ಬಿಡುತ್ತದೆ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಸವಾರರು. ಅಂಗುಲ ಅಂಗುಲಕ್ಕೂ ಬೇರೆ ಗೆರೆ. ಇರುವ ಬೈಟ್‌ಗಳು ಸಾಲದೆ, ಬಳಪದ ಕಲ್ಲಿನಲ್ಲಿ ಉಳಿ ಬಿಡಿಸಿದ ನವಿರು ಗೆರೆಗಳೇ ಮೊದಲು ಅಳಿಸಿಹೋಗುತ್ತವೆ. ಆದ್ದರಿಂದ ಕೆತ್ತನೆಗೆ ಒಳ್ಳೆಯ ಫೋಟೊ, ಗೋಡೆಯ ಒಳಹೊರಗುಗಳಿಗೆ ವಿಡಿಯೊ.

ಯೂಟ್ಯೂಬ್ ಲಿಂಕ್ ಕೊಟ್ಟರೆ ಸಾಲದೆ ಎಂದು ಕೇಳಬಹುದು. ಲಿಂಕ್ ಹಗುರ, ನಿಜ. ಆದರೆ ಹಾಕಿದವರು ತೆಗೆದರೆ ಅದು ಸತ್ತಂತೆ, ನೆಟ್‌ವರ್ಕ್ ಇಲ್ಲದ ಕಡೆ ಇದ್ದೂ ಇಲ್ಲ. ಒಳಗೇ ಸೇರಿಸಿದರೆ ಇಪ್ಪತ್ತು ಸೆಕೆಂಡಿನ ಪ್ರದಕ್ಷಿಣೆ 5 ಎಂಬಿಯಲ್ಲಿ ಮುಗಿಯುತ್ತದೆ. ಜಿಮೇಲ್ ಒಪ್ಪುವ 25 ಎಂಬಿ ಮಿತಿಯೊಳಗೆ ಆರಾಮವಾಗಿ ಹೋಗುತ್ತದೆ. ದೀರ್ಘಕಾಲದ ಸಂಗ್ರಹಕ್ಕೆಂದೇ ರೂಪಿಸಿದ ಪಿಡಿಎಫ್/ಎ ಮಾದರಿಯು ಪುಟದಲ್ಲಿ ಓಡುವ ವಿಡಿಯೊವನ್ನು ನಿಷೇಧಿಸಿದೆಯಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಒಪ್ಪಲೇಬೇಕು. ಸಂಗ್ರಹದ ಪ್ರತಿಯನ್ನು ವಿಡಿಯೊ ಇಲ್ಲದೆ ಮಾಡಿ, ಎಂಪಿ4 ಫೈಲನ್ನು ಜೊತೆಗೆ ಬೇರೆಯಾಗಿ ಇಡಬೇಕು. ಹಂಚುವ ಪ್ರತಿಯಲ್ಲೂ ಚೌಕದ ಸ್ತಬ್ಧಚಿತ್ರ ಮಂಟಪದ ಅತಿ ಹೆಚ್ಚು ಮೂಲೆಗಳನ್ನು ತೋರುವಂತಿರಲಿ, ಪಕ್ಕದಲ್ಲೇ ತಳವಿನ್ಯಾಸದ ನಕ್ಷೆಯೂ ವಿವರಣೆಯೂ ಇರಲಿ. ವಿಡಿಯೊ ಓಡದ ಮೊಬೈಲಿನಲ್ಲೂ ಓದುವ ಮಗುವಿಗೆ ಗುಡಿಯ ಆಕಾರ ತಿಳಿಯಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಕೈಪಿಡಿಗೆ ಮಾತ್ರ ವಿಡಿಯೊ ಸೇರಿಸುವ ಹಕ್ಕಿದೆ.