ಬಾಡಿಗೆಗೆ ಕೊಡಲು ಎಂಥ ಮನೆ ಕೊಳ್ಳಬೇಕು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಬಂದ ಸಂಸಾರಸ್ಥರು ಹಾಲ್‌ನ ಅಂದಚೆಂದ ನೋಡುತ್ತ ನಿಲ್ಲುವುದಿಲ್ಲ. ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ‘ಕಾವೇರಿ ನೀರಾ, ಬೋರ್ ನೀರಾ? ವಾರಕ್ಕೆಷ್ಟು ದಿನ ಬಿಡ್ತಾರೆ?’ ಎಂದು ಕೇಳುತ್ತಾರೆ. ಆಮೇಲೆ ಯುಟಿಲಿಟಿಯ ಬಾಗಿಲು ತೆಗೆದು ವಾಷಿಂಗ್ ಮೆಷಿನ್ ಇಡಲು ಜಾಗ, ಪಕ್ಕದಲ್ಲೊಂದು ನಲ್ಲಿ, ಪ್ಲಗ್ ಪಾಯಿಂಟ್, ಬಟ್ಟೆ ಒಣಗಿಸಲು ಒಂದಿಷ್ಟು ಬಿಸಿಲು ಇದೆಯೇ ಎಂದು ನೋಡುತ್ತಾರೆ. ಬೆಡ್‌ರೂಮಿನಲ್ಲಿ ನಿಂತು ಮೊಬೈಲ್ ನೆಟ್‌ವರ್ಕ್ ಪರೀಕ್ಷಿಸುತ್ತಾರೆ. ಕಿಟಕಿ ತೆರೆದಾಗ ಮೂರಡಿ ದೂರದಲ್ಲೇ ಪಕ್ಕದ ಮನೆಯ ಗೋಡೆ ಕಂಡರೆ ಮಾತಾಡದೆ ಮುಚ್ಚುತ್ತಾರೆ. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು. ಮನೆ ಬೇಕೋ ಬೇಡವೋ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ.

ಹೂಡಿಕೆಗೆಂದು ಫ್ಲ್ಯಾಟ್ ಕೊಳ್ಳಲು ಹೊರಟ ಮಧ್ಯಮ ವರ್ಗದವರಲ್ಲಿ ಹೆಚ್ಚಿನವರು ಈ ಐದು ನಿಮಿಷದ ಪರೀಕ್ಷೆ ಮಾಡುವುದೇ ಇಲ್ಲ. ಈಜುಕೊಳ, ಕ್ಲಬ್‌ಹೌಸ್, ಇಟಾಲಿಯನ್ ಮಾರ್ಬಲ್, ಬಿಲ್ಡರ್‌ನ ಹೆಸರು ನೋಡುತ್ತಾರೆ. ನಾವು ವಾಸಿಸದ ಮನೆಯನ್ನು ನಮ್ಮ ಆಸೆಗೆ ತಕ್ಕಂತೆ ಆರಿಸುವುದು ತಪ್ಪು ಲೆಕ್ಕ. ಅಲ್ಲಿ ಇರಬೇಕಾದವರ ದಿನಚರಿಗೆ ಹೊಂದುವ ಮನೆ ಕೊಂಡರೆ ಮಾತ್ರ ಹಣ ದುಡಿಯುತ್ತದೆ.

ಲೆಕ್ಕವನ್ನೇ ನೋಡೋಣ. 80 ಲಕ್ಷ ರೂಪಾಯಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗೆ ತಿಂಗಳಿಗೆ 25,000 ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ಎಂದರೆ ಶೇ 3.75. ಇದರಲ್ಲಿ ಆಸ್ತಿ ತೆರಿಗೆ, ರಿಪೇರಿ ಕಳೆಯಬೇಕು. 60 ಲಕ್ಷ ಸಾಲ ಮಾಡಿದ್ದರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 52,000. ‘ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಸಾರ್’ ಎನ್ನುವ ಬ್ರೋಕರ್ ಮಾತು ನಂಬುವ ಮೊದಲು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ಕಂತಿನ ಅರ್ಧದಷ್ಟೂ ಬಾಡಿಗೆ ಬರುವುದಿಲ್ಲ. ರಾಜ್ಯದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಶೇ 7.6 ಆಗುತ್ತದೆ. 80 ಲಕ್ಷಕ್ಕೆ ಅದೇ 6 ಲಕ್ಷ ದಾಟುತ್ತದೆ. ಎರಡು ವರ್ಷದ ಬಾಡಿಗೆ ಅಲ್ಲಿಗೇ ಹೋಯಿತು. ಇಷ್ಟು ಸಣ್ಣ ಆದಾಯದಲ್ಲಿ ಮನೆ ವರ್ಷಕ್ಕೆರಡು ತಿಂಗಳು ಖಾಲಿ ಬಿದ್ದರೆ 50,000 ಖೋತಾ. ಜತೆಗೆ ಆ ಎರಡು ತಿಂಗಳ ಮೆಂಟೇನೆನ್ಸ್ ನಮ್ಮ ಜೇಬಿನಿಂದ. ಹಾಗಾಗಿ ತಿಂಗಳಿಗೆ ಸಾವಿರ ಹೆಚ್ಚು ಕೊಡುವ ಮನೆಗಿಂತ, ಬಂದವರು ಬಿಟ್ಟುಹೋಗಲು ಮನಸ್ಸು ಮಾಡದ ಮನೆ ಹೆಚ್ಚು ಲಾಭದ್ದು.

ಅಂಥ ಮನೆಯ ಮೊದಲ ಗುರುತು ನೀರು. 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾಯುವಂತಾಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ ಇದು. ‘ನಮ್ಮ ಏರಿಯಾಕ್ಕೂ ಕಾವೇರಿ ಬಂದಿದೆ’ ಎಂದು ಮಾರುವವರು ಈಗ ಹೇಳುತ್ತಾರೆ. ಆದರೆ ರಸ್ತೆಯಲ್ಲಿ ಪೈಪ್ ಇರುವುದು ಬೇರೆ, ಆ ಕಟ್ಟಡ ಹಣ ಕಟ್ಟಿ ಸಂಪರ್ಕ ಪಡೆದಿರುವುದು ಬೇರೆ. ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳಿ. ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪುಸ್ತಕದಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚು ನೋಡಿ. ಆ ಎರಡು ಪುಟಗಳು ಯಾವ ಬ್ರೋಷರ್‌ಗಿಂತಲೂ ಹೆಚ್ಚು ಹೇಳುತ್ತವೆ.

ಎರಡನೆಯದು ಓಡಾಟ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೇಲೆ ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರದ ಸುತ್ತಮುತ್ತಲ ಮನೆಗಳಿಂದ ಎಲೆಕ್ಟ್ರಾನಿಕ್ ಸಿಟಿಗೂ ಜಯನಗರದ ಕಡೆಗೂ ಟ್ರಾಫಿಕ್ಕಿಗೆ ಸಿಗದೆ ಹೋಗಬಹುದಾಗಿದೆ. ಆದರೆ ಜಾಹೀರಾತಿನ ‘ಮೆಟ್ರೊಗೆ ಐದು ನಿಮಿಷ’ ಯಾರ ಐದು ನಿಮಿಷ? ರಾತ್ರಿ ಒಂಬತ್ತಕ್ಕೆ, ಸಾಧ್ಯವಾದರೆ ಮಳೆ ಬಂದ ದಿನ, ನಿಲ್ದಾಣದಿಂದ ಆ ಮನೆಗೆ ನಡೆದು ನೋಡಿ. ಫುಟ್‌ಪಾತ್ ಉಂಟೇ, ಬೀದಿದೀಪ ಉರಿಯುತ್ತದೆಯೇ, ಹೊಸೂರು ರಸ್ತೆ ದಾಟಲು ಮೇಲ್ಸೇತುವೆ ಇದೆಯೇ ಗಮನಿಸಿ. ಒಂಟಿಯಾಗಿ ಕೆಲಸದಿಂದ ಬರುವ ಹೆಣ್ಣುಮಗಳು ಆ ದಾರಿಯಲ್ಲಿ ಧೈರ್ಯವಾಗಿ ನಡೆಯಬಹುದಾದರೆ ಅದು ಒಳ್ಳೆಯ ಜಾಗ.

ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಊರಾಚೆಯ ಹೊಸ ಮೂರು ಬೆಡ್‌ರೂಮಿಗಿಂತ ಊರೊಳಗಿನ ಹಳೆಯ ಎರಡು ಬೆಡ್‌ರೂಮು ಮೇಲು. ಹೊಸದಾಗಿ ಮದುವೆಯಾದವರು, ಶಾಲೆಗೆ ಹೋಗುವ ಮಗುವಿರುವವರು, ಇಬ್ಬರು ಸ್ನೇಹಿತರು, ಎಲ್ಲರೂ ಅದಕ್ಕೆ ಹೊಂದುತ್ತಾರೆ. ದೊಡ್ಡ ಸೌಲಭ್ಯಗಳ ಮೆಂಟೇನೆನ್ಸ್ ತೆರಲು ಬಾಡಿಗೆದಾರರಿಗೆ ಮನಸ್ಸಿಲ್ಲ, ಬಳಸುವ ಪುರುಸೊತ್ತೂ ಇಲ್ಲ.

ಸ್ವತಂತ್ರ ಕಟ್ಟಡವಾದರೆ ಪ್ರತಿ ಮನೆಗೂ ಬೇರೆ ಮೀಟರ್ ಇರಲೇಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ ಬಾಡಿಗೆದಾರರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. 200 ಯೂನಿಟ್ ಮಿತಿಯ ಆ ಸೌಲಭ್ಯ ಬಾಡಿಗೆದಾರರಿಗೂ ಉಂಟು. ಎರಡು ಮನೆ ಒಂದೇ ಮೀಟರ್‌ನಲ್ಲಿದ್ದರೆ ಇಬ್ಬರಿಗೂ ಕಷ್ಟ. ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿರುವುದರಿಂದ ಓಸಿ, ಇ-ಖಾತೆ ಕೈಯಲ್ಲಿ ಹಿಡಿದು ನೋಡದೆ ಮುಂಗಡ ಕೊಡಬೇಡಿ.

ಬೇರೆ ಊರುಗಳಲ್ಲಿ ಲೆಕ್ಕ ಬದಲಾಗುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಖಾನಾವಳಿ, ಗ್ರಂಥಾಲಯ ಹತ್ತಿರವಿರುವ ಚಿಕ್ಕ ರೂಮು ಸಾಕು. ಮಣಿಪಾಲದಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಮನೆ ತುಂಬದಿದ್ದರೆ ಆ ವರ್ಷ ಕಷ್ಟ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಒಳ್ಳೆಯ ಮನೆಯನ್ನೂ ನಾವೇ ಖಾಲಿ ಉಳಿಸಿಕೊಳ್ಳುತ್ತೇವೆ. ಹೆಸರು ಕೇಳಿ, ಜಾತಿ ಕೇಳಿ, ಊಟ ಕೇಳಿ, ‘ಮದುವೆ ಆಗಿದೆಯಾ’ ಎಂದು ಕೇಳಿ ವಾಪಸ್ ಕಳಿಸುತ್ತೇವೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳಿ, ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳದ್ದು ಹಿಡಿಯುತ್ತೇವೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅಡ್ವಾನ್ಸ್ ಇಳಿಸಿ, ಕೆಟ್ಟ ನಲ್ಲಿಯನ್ನು ಹೇಳಿದ ವಾರದಲ್ಲೇ ರಿಪೇರಿ ಮಾಡಿಸುವ ಮಾಲೀಕರ ಮನೆಗೆ ಬೋರ್ಡ್ ಹಾಕುವ ಅಗತ್ಯವೇ ಬೀಳದು. ಬಿಡುವವರೇ ತಮ್ಮ ಪರಿಚಯದವರನ್ನು ಕರೆತರುತ್ತಾರೆ.

ಟೋಕನ್ ಕೊಡುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಅದೇ ಕಟ್ಟಡದಲ್ಲಿ ಬಾಡಿಗೆಗಿರುವ ಇಬ್ಬರನ್ನು ಮಾತಾಡಿಸಿ. ಮಾರುವವರು, ಬ್ರೋಕರ್, ಬ್ಯಾಂಕಿನವರು, ಎಲ್ಲರಿಗೂ ನೀವು ಕೊಳ್ಳಬೇಕೆಂಬ ಆಸೆಯಿದೆ. ಬಾಡಿಗೆಯವರಿಗೆ ಮಾತ್ರ ಅದರಿಂದ ಆಗಬೇಕಾದ್ದೇನೂ ಇಲ್ಲ. ಇನ್ನೂ ಎಷ್ಟು ವರ್ಷ ಇಲ್ಲಿರುತ್ತೀರಿ ಎಂದು ಕೇಳಿ. ಅವರು ಬೇರೆ ಮನೆ ಹುಡುಕುತ್ತಿದ್ದರೆ ನೀವೂ ಹುಡುಕಿ.